ಕಣ್ಣಿಗೆ ಕಟ್ಟಿದ ಕೇಡು: ಆತಂಕ, ಖಿನ್ನತೆ ಮತ್ತು ಮನಸ್ಸಿನೊಳಗಿನ ಚಿತ್ರಗಳು

ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಓದುತ್ತಾನೆ. ಬೈಕ್ ಇಟ್ಟುಕೊಂಡಿದ್ದಾನೆ. ರಾತ್ರಿ ಒಂಬತ್ತಕ್ಕೆ ಮನೆಗೆ ಫೋನ್ ಮಾಡುವುದು ಅವನ ರೂಢಿ. ಒಂಬತ್ತೂಕಾಲಾದರೂ ಫೋನ್ ಬರದಿದ್ದರೆ, ಇವಳೇ ಮಾಡಿದರೂ ಅವನು ಎತ್ತದಿದ್ದರೆ, ‘ಏನಾದರೂ ಆಗಿರಬಹುದೇ’ ಎಂಬ ಯೋಚನೆಗಿಂತ ಮೊದಲೇ ಅಕ್ಕನಿಗೆ ಒಂದು ದೃಶ್ಯ ಬರುತ್ತದೆ. ಮಳೆಯಲ್ಲಿ ನೆಂದ ಹೆದ್ದಾರಿ. ಅಂಚಿನಲ್ಲಿ ಮಗುಚಿ ಬಿದ್ದ ನೀಲಿ ಹೆಲ್ಮೆಟ್, ಒಳಗಿನ ಥರ್ಮೋಕೋಲ್ ಬೆಳ್ಳಗೆ ಕಾಣುತ್ತದೆ. ಅಷ್ಟೇ. ಮಗ ಅದರಲ್ಲಿ ಕಾಣುವುದೂ ಇಲ್ಲ. ಆದರೂ ಅಕ್ಕನ ಅಂಗೈ ತಣ್ಣಗಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಒಲೆಯ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗುವುದಿಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಿದರೆ ಅಮ್ಮ ‘ಬಿಡ್ತು ಅನ್ನು’ ಎಂದು ಗದರುತ್ತಾರೆ. ಅಕ್ಕ ‘ಬಿಡ್ತು’ ಎನ್ನುತ್ತಾಳೆ. ಚಿತ್ರ ಮಾತ್ರ ಬಿಡುವುದಿಲ್ಲ.

ಕನ್ನಡದಲ್ಲಿ ‘ಕಣ್ಣಿಗೆ ಕಟ್ಟಿದಂತೆ’ ಎನ್ನುತ್ತೇವೆ. ಕಂಡಂತೆ ಎನ್ನುವುದಿಲ್ಲ, ಕಟ್ಟಿದಂತೆ ಎನ್ನುತ್ತೇವೆ: ಬೇಡವೆಂದರೂ ಬಿಚ್ಚಿಕೊಳ್ಳಲಾಗದ ಹಾಗೆ. ಎದುರಿಗೆ ಇಲ್ಲದ್ದನ್ನು ಮನಸ್ಸು ಹೀಗೆ ಕಾಣುವುದನ್ನು ಮನಶ್ಶಾಸ್ತ್ರದವರು ಮನೋಚಿತ್ರ ಎನ್ನುತ್ತಾರೆ. ಹೆಸರು ಚಿತ್ರವಾದರೂ ಅದು ನೋಟಕ್ಕಷ್ಟೇ ಸೀಮಿತವಲ್ಲ. ಒಂದು ದನಿ, ಒಂದು ವಾಸನೆ, ಬೆನ್ನ ಮೇಲೆ ಬಿದ್ದ ಕೈ ಕೂಡ ಮನೋಚಿತ್ರವಾಗಿ ಮರಳಬಹುದು. ಆತಂಕ ಮತ್ತು ಖಿನ್ನತೆಯ ಬಗ್ಗೆ ನಾವು ಮಾತಾಡುವಾಗಲೆಲ್ಲ ‘ಯೋಚನೆ’ಯ ಬಗ್ಗೆಯೇ ಮಾತಾಡುತ್ತೇವೆ. ‘ಅಷ್ಟೇಕೆ ಯೋಚನೆ ಮಾಡುತ್ತೀಯ’ ಎಂದು ಕೇಳುತ್ತೇವೆ. ‘ನಿನಗೆ ಏನು ಕಾಣುತ್ತಿದೆ’ ಎಂದು ಯಾರೂ ಕೇಳುವುದಿಲ್ಲ. ಆದರೆ ಮಾತಿನಲ್ಲಿ ಬಂದ ಯೋಚನೆಯೂ ಕಣ್ಣಿಗೆ ಕಟ್ಟಿದ ಚಿತ್ರವೂ ಮಿದುಳಿಗೆ ಒಂದೇ ಅಲ್ಲ. ಈ ಎರಡು ಕಾಯಿಲೆಗಳು ಒಳಗೆ ಮಾಡುವ ಹಾನಿಯ ದೊಡ್ಡ ಪಾಲು ಚಿತ್ರದ ದಾರಿಯಲ್ಲೇ ಆಗುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ‘ಮಾವಿನಕಾಯಿ ಹುಳಿ’ ಎಂದು ಓದಿ. ಏನೂ ಆಗುವುದಿಲ್ಲ. ಈಗ ಎಳೆಯ ಮಾವಿನಕಾಯಿಯನ್ನು ಉದ್ದಕ್ಕೆ ಹೆಚ್ಚಿ, ಒಳಗಿನ ಬಿಳಿ ಓಟೆಯನ್ನು ತೆಗೆದು, ಹೋಳಿಗೆ ಉಪ್ಪು ಖಾರ ಹಚ್ಚಿ, ಹಲ್ಲಿನಿಂದ ಕಚ್ಚಿದ್ದನ್ನು ಕಣ್ಣಮುಂದೆ ತಂದುಕೊಳ್ಳಿ. ಕೆನ್ನೆಯ ಒಳಬದಿ ಜುಮ್ಮೆಂದು ಬಾಯಲ್ಲಿ ನೀರೂರಿತಲ್ಲವೇ? ಎರಡೂ ಕಡೆ ಇರುವುದು ಒಂದೇ ಮಾಹಿತಿ. ಮೊದಲನೆಯದು ಸುದ್ದಿ, ಎರಡನೆಯದು ಅನುಭವದ ನಕಲು. ದೇಹ ಆ ನಕಲಿಗೂ ಉತ್ತರ ಕೊಡುತ್ತದೆ.

ಹೀಗೇಕೆ ಎಂಬುದು ಮಿದುಳಿನ ರಚನೆಯಲ್ಲೇ ಇದೆ. ಕಣ್ಣಿನಿಂದ ಹೊರಟ ಸಂಕೇತ ಮೊದಲು ತಲೆಯ ಹಿಂಭಾಗದ ದೃಷ್ಟಿ ಪ್ರದೇಶಕ್ಕೆ ಹೋಗುತ್ತದೆ. ಅಲ್ಲಿ ಗೆರೆ, ಅಂಚು, ಬಣ್ಣ ಬೇರ್ಪಡುತ್ತವೆ. ಆಮೇಲೆ ಅದು ಮುಂದಿನ ಪ್ರದೇಶಗಳಿಗೆ ಸಾಗಿ ಮುಖವೋ ಮರವೋ ಆಗಿ ಅರ್ಥ ಪಡೆಯುತ್ತದೆ. ಕಲ್ಪಿಸಿಕೊಳ್ಳುವಾಗ ಇದೇ ದಾರಿಯಲ್ಲಿ ಹಿಮ್ಮುಖ ಪ್ರಯಾಣ. ಹಣೆಯ ಹಿಂದಿನ ಭಾಗ ಆಜ್ಞೆ ಕೊಡುತ್ತದೆ, ನೆನಪಿನ ಹಿಪ್ಪೊಕ್ಯಾಂಪಸ್ ಹಳೆಯ ತುಣುಕುಗಳನ್ನು ಒದಗಿಸುತ್ತದೆ, ಕೊನೆಗೆ ಅದೇ ದೃಷ್ಟಿ ಪ್ರದೇಶದಲ್ಲಿ ಮಸುಕಾದ ಚಿತ್ರವೊಂದು ಮೂಡುತ್ತದೆ. ಮನೋಚಿತ್ರವೆಂಬುದು ನಿಜವಾಗಿಯೂ ಚಿತ್ರದಂತಿದೆಯೋ ಅಥವಾ ವಾಕ್ಯಗಳಂತೆಯೋ ಎಂಬ ಬಗ್ಗೆ ಅಮೆರಿಕದ ಸ್ಟೀಫನ್ ಕಾಸ್ಲಿನ್ ಮತ್ತು ಕೆನಡಾದ ಜೆನನ್ ಪಿಲಿಶಿನ್ 1970ರ ದಶಕದಿಂದ ದಶಕಗಳ ಕಾಲ ವಾದ ಮಾಡಿದರು. ಮಿದುಳಿನ ಸ್ಕ್ಯಾನ್‌ಗಳು ಬಂದ ಮೇಲೆ ನೋಡುವುದಕ್ಕೂ ಕಲ್ಪಿಸುವುದಕ್ಕೂ ಬಹುಪಾಲು ಒಂದೇ ಯಂತ್ರ ದುಡಿಯುತ್ತದೆ ಎಂಬುದು ಸ್ಪಷ್ಟವಾಗತೊಡಗಿತು.

ಯಂತ್ರ ಒಂದೇ ಆದರೆ, ಕಂಡದ್ದೋ ಕಲ್ಪಿಸಿದ್ದೋ ಎಂದು ಮಿದುಳು ಹೇಗೆ ತೀರ್ಮಾನಿಸುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ನಡೀನ್ ಡೈಕ್‌ಸ್ಟ್ರಾ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಸರಳವಾದ ಉತ್ತರ ಕೊಡುತ್ತದೆ: ಸಂಕೇತದ ಬಲವನ್ನು ನೋಡಿ. ಪರದೆಯ ಮೇಲೆ ಒಂದು ಗೆರೆಯ ವಿನ್ಯಾಸವನ್ನು ಕಲ್ಪಿಸಿಕೊಳ್ಳಲು ಹೇಳಿದಾಗ, ಯಾರ ಕಲ್ಪನೆ ಹೆಚ್ಚು ನಿಚ್ಚಳವಾಗಿತ್ತೋ ಅವರು ಅದನ್ನು ನಿಜವಾಗಿಯೂ ಕಂಡೆವು ಎನ್ನುವ ಸಾಧ್ಯತೆ ಹೆಚ್ಚಿತ್ತು. ಅಂದರೆ ಒಂದು ಮಟ್ಟ ದಾಟಿದ ಚಿತ್ರಕ್ಕೆ ‘ಇದು ನಿಜ’ ಎಂಬ ಮುದ್ರೆ ಬೀಳುತ್ತದೆ. ಆರೋಗ್ಯವಂತರಲ್ಲಿಯೇ ಹೀಗಾದರೆ, ಪ್ರತಿ ರಾತ್ರಿ ಒಂದೇ ಹೆಲ್ಮೆಟ್ ಕಾಣುವವಳ ಪಾಡೇನು ಎಂದು ನಾನು ಯೋಚಿಸಿದ್ದೇನೆ.

ಚಿತ್ರಕ್ಕೂ ಭಯಕ್ಕೂ ಇರುವ ಗಂಟನ್ನು ಬಹಳ ಚೆನ್ನಾಗಿ ತೋರಿಸಿದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದ ಪ್ರಯೋಗ. ಕೆಲವರಿಗೆ ಹುಟ್ಟಿನಿಂದಲೇ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ. ತಾಯಿಯ ಮುಖವನ್ನು ನೆನೆಸಿಕೊಳ್ಳಿ ಎಂದರೆ ವಿವರ ಹೇಳುತ್ತಾರೆ, ಮುಖ ಕಾಣುವುದಿಲ್ಲ. ಇದಕ್ಕೆ 2015ರಲ್ಲಿ ಬ್ರಿಟನ್ನಿನ ನರವಿಜ್ಞಾನಿ ಆಡಂ ಜೀಮನ್ ‘ಅಫ್ಯಾಂಟೇಸಿಯಾ’ ಎಂದು ಹೆಸರಿಟ್ಟರು. ಜೋಯಲ್ ಪಿಯರ್ಸನ್ ಅವರ ಪ್ರಯೋಗಾಲಯದಲ್ಲಿ ಇಂಥವರನ್ನೂ ಸಾಮಾನ್ಯರನ್ನೂ ಕತ್ತಲೆ ಕೋಣೆಯಲ್ಲಿ ಕೂರಿಸಿ, ಪರದೆಯ ಮೇಲೆ ಭಯದ ಕಥೆಗಳನ್ನು ಒಂದೊಂದೇ ವಾಕ್ಯವಾಗಿ ಓದಿಸಿದರು. ನೀವು ಸಮುದ್ರದಲ್ಲಿ ಈಜುತ್ತಿದ್ದೀರಿ, ದೂರದ ಅಲೆಯಲ್ಲಿ ಏನೋ ಕಪ್ಪಗೆ ಸುಳಿಯಿತು, ದಡದಲ್ಲಿರುವವರು ಕೈ ತೋರಿಸುತ್ತಿದ್ದಾರೆ... ಹೀಗೆ. ಬೆರಳಿಗೆ ಕಟ್ಟಿದ ತಂತಿ ಬೆವರನ್ನು ಅಳೆಯುತ್ತಿತ್ತು. ಸಾಮಾನ್ಯರಲ್ಲಿ ಕಥೆ ಸಾಗಿದಂತೆ ಬೆವರು ಏರಿತು. ಚಿತ್ರ ಮೂಡದವರಲ್ಲಿ ಗೆರೆ ಹೆಚ್ಚೂಕಡಿಮೆ ಚಪ್ಪಟೆಯಾಗಿಯೇ ಉಳಿಯಿತು. ಹಾಗಾದರೆ ಅವರಿಗೆ ಭಯವೇ ಇಲ್ಲವೇ? ಇದೆ. ಭಯಾನಕ ಫೋಟೋಗಳನ್ನು ತೋರಿಸಿದಾಗ ಎರಡೂ ಗುಂಪಿನವರು ಒಂದೇ ರೀತಿ ಬೆವರಿದರು. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳುವುದಿಷ್ಟು: ಓದಿದ ಮಾತು ದೇಹದ ಭಯವಾಗಬೇಕಾದರೆ ನಡುವೆ ಚಿತ್ರ ಬೇಕು.

ಇದನ್ನೇ ಇನ್ನೊಂದು ಬದಿಯಿಂದ ತೋರಿಸಿದವರು ಎಮಿಲಿ ಹೋಮ್ಸ್ ಮತ್ತು ಆಂಡ್ರ್ಯೂ ಮ್ಯಾಥ್ಯೂಸ್. 2005ರಲ್ಲಿ ಅವರು ಅಹಿತಕರ ಸನ್ನಿವೇಶಗಳ ವಿವರಣೆಯನ್ನು ಎರಡು ಗುಂಪಿಗೆ ಕೇಳಿಸಿದರು. ಒಂದು ಗುಂಪಿಗೆ ‘ಕಣ್ಣಮುಂದೆ ತಂದುಕೊಳ್ಳಿ’ ಎಂದರು, ಇನ್ನೊಂದಕ್ಕೆ ‘ಪದಗಳ ಅರ್ಥದ ಮೇಲೆ ಗಮನವಿಡಿ’ ಎಂದರು. ಕಲ್ಪಿಸಿಕೊಂಡವರ ಆತಂಕವೇ ಹೆಚ್ಚು ಏರಿತು. ಕೇಳಿದ ವಾಕ್ಯಗಳು ಮಾತ್ರ ಎರಡೂ ಗುಂಪಿಗೆ ಅವೇ.

ಈಗ ಆತಂಕದ ವಿಷಯಕ್ಕೆ ಬರೋಣ. ಕಿವಿಯ ಮಟ್ಟದಲ್ಲಿ, ಮಿದುಳಿನ ಒಳಗೆ ಎರಡೂ ಬದಿಗೆ ಬಾದಾಮಿ ಆಕಾರದ ಅಮಿಗ್ಡಲಾ ಇದೆ. ಮನೆಗೆ ಬಂದವರು ನೆಂಟರೋ ಕಳ್ಳರೋ ಎಂದು ಮೊದಲು ಮೂಸಿ ನೋಡುವ ನಾಯಿಯ ಕೆಲಸ ಅದರದು. ಅದರ ಜೊತೆಗೆ ಇನ್ಸುಲಾ ಎಂಬ ಪ್ರದೇಶ ದೇಹದ ಒಳಸುದ್ದಿಯನ್ನು, ಎದೆಬಡಿತ, ಉಸಿರು, ಹೊಟ್ಟೆಯ ಕಿವುಚನ್ನು ಗಮನಿಸುತ್ತಿರುತ್ತದೆ. ಸಾಮಾಜಿಕ ಆತಂಕ, ನಿರ್ದಿಷ್ಟ ವಸ್ತುಗಳ ಭೀತಿ ಮತ್ತು ಆಘಾತದ ನಂತರದ ಕಾಯಿಲೆಯ ಕುರಿತ ಹಲವಾರು ಸ್ಕ್ಯಾನ್ ಅಧ್ಯಯನಗಳನ್ನು 2007ರಲ್ಲಿ ಅಮಿತ್ ಎಟ್ಕಿನ್ ಮತ್ತು ಟಾರ್ ವೇಜರ್ ಒಟ್ಟುಗೂಡಿಸಿ ನೋಡಿದಾಗ, ಮೂರರಲ್ಲಿಯೂ ಈ ಎರಡು ಪ್ರದೇಶಗಳು ಅತಿಯಾಗಿ ಚುರುಕಾಗಿದ್ದವು. ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗ ಸಾಮಾನ್ಯವಾಗಿ ನಾಯಿಯ ಬೆನ್ನು ಸವರಿ ‘ಇವರು ನಮ್ಮವರೇ’ ಎಂದು ಸುಮ್ಮನಾಗಿಸುತ್ತದೆ. ಆತಂಕದಲ್ಲಿ ಬೊಗಳು ಬೇಗ ಆರಂಭವಾಗುತ್ತದೆ, ಸವರುವ ಕೈ ತಡವಾಗಿ ಬರುತ್ತದೆ.

ಆತಂಕದ ಚಿತ್ರ ಹೆಚ್ಚಾಗಿ ಮುಂದೆ ನಡೆಯಲಿರುವುದರದ್ದು. ಅದು ಇನ್ನೂ ನಡೆದಿಲ್ಲವಾದ್ದರಿಂದ ಸುಳ್ಳೆಂದು ಸಾಬೀತು ಮಾಡುವುದೂ ಕಷ್ಟ. ಅದಕ್ಕಿಂತ ಕೆಟ್ಟದ್ದೆಂದರೆ, ಕಲ್ಪಿಸಿಕೊಂಡದ್ದು ನಡೆದೇ ನಡೆಯುತ್ತದೆ ಎಂದು ಅನಿಸತೊಡಗುತ್ತದೆ. 1976ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಜಾನ್ ಕ್ಯಾರಲ್ ಎಂಬ ಸಂಶೋಧಕರು ಕೆಲವರಿಗೆ ಕಾರ್ಟರ್ ಗೆದ್ದಂತೆ, ಕೆಲವರಿಗೆ ಫೋರ್ಡ್ ಗೆದ್ದಂತೆ ಕಲ್ಪಿಸಿಕೊಳ್ಳಲು ಹೇಳಿದರು. ಯಾರು ಯಾರ ಗೆಲುವನ್ನು ಕಲ್ಪಿಸಿಕೊಂಡರೋ ಅವರಿಗೆ ಅವರ ಗೆಲುವೇ ಹೆಚ್ಚು ಸಂಭವನೀಯ ಎನಿಸಿತು. ಬರೀ ಕಲ್ಪಿಸಿಕೊಂಡದ್ದಕ್ಕೆ! ‘ನನಗೆ ಒಳಗಿಂದ ಹಾಗೆ ಅನಿಸುತ್ತಿದೆ ಕಣೋ’ ಎಂದು ಅಕ್ಕ ಹೇಳುವಾಗ ಅದು ಮುನ್ಸೂಚನೆಯಂತೆ ಅವಳಿಗೆ ಕೇಳಿಸುತ್ತದೆ. ಅದು ಅದೇ ಚಿತ್ರವನ್ನು ನೂರು ಸಲ ನೋಡಿದ್ದರ ಫಲ.

ಸಭೆಯಲ್ಲಿ ಮಾತಾಡಲು ನಡುಗುವವರ ಚಿತ್ರ ಇನ್ನೊಂದು ಬಗೆಯದು. ಅವರು ತಮ್ಮನ್ನು ತಾವೇ ಹೊರಗಿನಿಂದ, ಎದುರು ಕುಳಿತವರ ಕಣ್ಣಿನಿಂದ ಕಾಣುತ್ತಾರೆ: ಕೆಂಪೇರಿದ ಮುಖ, ಬೆವರಿದ ಮೇಲ್ತುಟಿ, ಕಾಗದ ಹಿಡಿದ ಕೈ ಅದುರುವುದು. ಡೇವಿಡ್ ಕ್ಲಾರ್ಕ್ ಮತ್ತು ಆಡ್ರಿಯನ್ ವೆಲ್ಸ್ 1995ರಲ್ಲಿ ಸಾಮಾಜಿಕ ಆತಂಕವನ್ನು ವಿವರಿಸುವಾಗ ಈ ಹೊರನೋಟದ ಚಿತ್ರಕ್ಕೆ ದೊಡ್ಡ ಸ್ಥಾನ ಕೊಟ್ಟರು. ಚಿಕಿತ್ಸೆಯಲ್ಲಿ ಇಂಥವರಿಗೆ ಅವರದೇ ಭಾಷಣದ ವಿಡಿಯೋ ತೋರಿಸುವ ಕ್ರಮವಿದೆ. ತಲೆಯೊಳಗಿನ ಚಿತ್ರದಷ್ಟು ಕೆಂಪು ಮುಖ ವಿಡಿಯೋದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಸದಾ ಚಿಂತೆ ಮಾಡುವವರದು ಮಾತ್ರ ವಿಚಿತ್ರ. ಚಿಂತೆ ಹೆಚ್ಚಾಗಿ ಮಾತಿನ ರೂಪದಲ್ಲಿರುತ್ತದೆ: ಹೀಗಾದರೆ ಏನು, ಹಾಗಾದರೆ ಏನು ಎಂದು ಒಳಗೇ ಹರಟುವುದು. ಅಮೆರಿಕದ ಥಾಮಸ್ ಬೋರ್ಕವೆಕ್ ಇದನ್ನು ಬಹುಕಾಲ ಅಭ್ಯಾಸ ಮಾಡಿದರು. ಭಾಷಣದ ಭಯವಿದ್ದವರು ಮೊದಲು ಚಿಂತೆ ಮಾಡಿ ಆಮೇಲೆ ಭಾಷಣದ ದೃಶ್ಯವನ್ನು ಕಲ್ಪಿಸಿಕೊಂಡಾಗ ಅವರ ಹೃದಯ ಬಡಿತ ಏರಲೇ ಇಲ್ಲ. ಮೊದಲು ವಿಶ್ರಾಂತಿ ಪಡೆದು ಕಲ್ಪಿಸಿಕೊಂಡವರಲ್ಲಿ ಏರಿತು. ಅಂದರೆ ಮಾತಿನ ಹರಟೆ ಚಿತ್ರದ ಮೇಲೆ ಎಳೆದ ಕಂಬಳಿ. ಆ ಕ್ಷಣಕ್ಕೆ ಎದೆ ಶಾಂತ. ಆದರೆ ಚಿತ್ರವನ್ನು ಎಂದೂ ನೇರವಾಗಿ ನೋಡದೆ ಹೋದದ್ದರಿಂದ ಅದರ ವಿಷ ಇಳಿಯುವುದಿಲ್ಲ. ಚಿಂತೆ ಯಾಕೆ ಚಟದಂತೆ ಹತ್ತುತ್ತದೆ ಎಂಬುದಕ್ಕೆ ನಾನು ಓದಿದ ವಿವರಣೆಗಳಲ್ಲಿ ಇದಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಇನ್ನೊಂದಿಲ್ಲ.

ಖಿನ್ನತೆಯ ಚಿತ್ರವನ್ನು ನಾನು ಪುಸ್ತಕದಿಂದಷ್ಟೇ ತಿಳಿದವನಲ್ಲ. ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಗ, ವಾರ್ಡಿನವರೊಬ್ಬರು ಅವರ ಚಪ್ಪಲಿ ಮತ್ತು ಕೈಗಡಿಯಾರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿಗೆ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. ಗಡಿಯಾರ ಓಡುತ್ತಿತ್ತು. ಆಮೇಲಿನ ತಿಂಗಳುಗಳಲ್ಲಿ ದಿನಕ್ಕೆ ಎಷ್ಟೋ ಸಲ ಆ ಗಂಟು ನನ್ನ ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. ಅದರಿಂದ ಎದೆ ಹೊಡೆದುಕೊಳ್ಳುತ್ತಿರಲಿಲ್ಲ, ಅಂಗೈ ತಣ್ಣಗಾಗುತ್ತಿರಲಿಲ್ಲ. ಅದು ಬಂದು ಕೂರುತ್ತಿತ್ತು, ಏಳುತ್ತಿರಲಿಲ್ಲ. ಹಲ್ಲುಜ್ಜುವ ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇರುತ್ತಿದ್ದೆ.

ಬಂದು ಕೂತದ್ದು ಏಳದಿರುವುದಕ್ಕೆ ಮಿದುಳಿನಲ್ಲಿ ಗುರುತು ಇದೆ. ಪಿಟ್ಸ್‌ಬರ್ಗ್‌ನಲ್ಲಿ ಗ್ರೆಗ್ ಸೀಗಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ನಕಾರಾತ್ಮಕ ಪದಗಳನ್ನು ತೋರಿಸಿದ ನಂತರ ಭಾವನೆಗೆ ಸಂಬಂಧವೇ ಇಲ್ಲದ ಬೇರೊಂದು ಕೆಲಸ ಕೊಟ್ಟರು. ಆರೋಗ್ಯವಂತರ ಅಮಿಗ್ಡಲಾ ಸುಮಾರು 10 ಸೆಕೆಂಡಿನೊಳಗೆ ತಣ್ಣಗಾಯಿತು. ಖಿನ್ನತೆಯಿದ್ದವರಲ್ಲಿ ಅದು 25 ಸೆಕೆಂಡಾದರೂ, ಬೇರೆ ಕೆಲಸ ಮಾಡುತ್ತಿರುವಾಗಲೂ, ಚುರುಕಾಗಿಯೇ ಇತ್ತು. ಅದು ಪದಗಳ ಪ್ರಯೋಗ, ಮನೋಚಿತ್ರಗಳದ್ದಲ್ಲ ಎಂಬುದನ್ನು ಮರೆಯಬಾರದು. ಆದರೂ ಆತಂಕಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸ ನನಗೆ ಮೊದಲ ಸಲ ಮನಸ್ಸಿಗೆ ಇಳಿದದ್ದು ಅದನ್ನು ಓದಿದಾಗ. ಆತಂಕದಲ್ಲಿ ಗಂಟೆ ಬೇಗ ಹೊಡೆಯುತ್ತದೆ. ಖಿನ್ನತೆಯಲ್ಲಿ ಹೊಡೆದ ಗಂಟೆಯ ನಾದ ಅಡಗುವುದಿಲ್ಲ. ಎರಡೂ ಕಾಯಿಲೆಗಳು ಬಹಳ ಸಲ ಒಬ್ಬರಲ್ಲೇ ಕೂಡಿ ಬರುತ್ತವೆ. ಆಗ ಎರಡೂ ಆಗುತ್ತದೆ.

ನಮಗೆ ಮಾಡಲು ಕೆಲಸವಿಲ್ಲದಾಗ ಮಿದುಳಿನ ನಡುಗೆರೆಯ ಉದ್ದಕ್ಕೂ ಕೆಲವು ಪ್ರದೇಶಗಳು ಒಟ್ಟಾಗಿ ಎಚ್ಚರಗೊಳ್ಳುತ್ತವೆ. 2001ರಲ್ಲಿ ಮಾರ್ಕಸ್ ರೇಯ್‌ಕಲ್ ಅವರ ತಂಡ ಇದನ್ನು ಮಿದುಳಿನ ಸಹಜಸ್ಥಿತಿಯ ಕೆಲಸವೆಂದು ಗುರುತಿಸಿತು. ನಮ್ಮ ಬಗ್ಗೆ ನಾವೇ ಯೋಚಿಸುವುದು, ಹಳೆಯದನ್ನು ನೆನೆಯುವುದು, ಮುಂದಿನದನ್ನು ಕಲ್ಪಿಸುವುದು ಎಲ್ಲವೂ ಅಲ್ಲಿ ನಡೆಯುತ್ತದೆ. ಖಿನ್ನತೆಯಲ್ಲಿ ಆ ಬಿಡುವಿನ ಹೊತ್ತನ್ನು ಮೆಲುಕು ಆಕ್ರಮಿಸುತ್ತದೆ. ‘ನಾಲ್ಕು ದಿನ ಆರಾಮಾಗಿ ಮಲಗು, ಸರಿಹೋಗುತ್ತದೆ’ ಎಂಬ ಪ್ರೀತಿಯ ಸಲಹೆ ಅದಕ್ಕೇ ಎಷ್ಟೋ ಸಲ ಉಲ್ಟಾ ಹೊಡೆಯುವುದು.

ಇನ್ನೊಂದು ನಷ್ಟವಿದೆ, ಅದರ ಬಗ್ಗೆ ಮಾತು ಕಡಿಮೆ. ಖಿನ್ನತೆ ಕೆಟ್ಟ ಚಿತ್ರಗಳನ್ನು ತರುವುದರ ಜೊತೆಗೆ ಒಳ್ಳೆಯ ಚಿತ್ರಗಳನ್ನು ಅಳಿಸುತ್ತದೆ. ಮುಂದೆ ನಡೆಯಬಹುದಾದ ಸಂತೋಷದ ಸಂಗತಿಗಳನ್ನು ಕಲ್ಪಿಸಿಕೊಳ್ಳಲು ಹೇಳಿದಾಗ ಖಿನ್ನತೆಯಿದ್ದವರ ಚಿತ್ರಗಳು ಮಂಕಾಗಿರುತ್ತವೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನೆನಪೂ ಹಾಗೆಯೇ. 1986ರಲ್ಲಿ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ ಗಮನಿಸಿದ್ದು ಇದು: ಆತ್ಮಹತ್ಯೆಗೆ ಯತ್ನಿಸಿದ್ದವರಿಗೆ ‘ಸಂತೋಷ’ದಂಥ ಪದ ಕೊಟ್ಟು ಒಂದು ನೆನಪು ಹೇಳಿ ಎಂದರೆ, ಅವರಿಂದ ನಿರ್ದಿಷ್ಟ ದಿನದ ನೆನಪು ಬರುವುದು ಕಷ್ಟವಾಗುತ್ತಿತ್ತು. ‘ಹಬ್ಬಕ್ಕೆ ಊರಿಗೆ ಹೋಗುತ್ತಿದ್ದೆವು’ ಎಂಬಂಥ ಸಾಮಾನ್ಯ ಮಾತು ಬರುತ್ತದೆ. ಯಾವ ಹಬ್ಬ, ಯಾರು ಎಣ್ಣೆ ಹಚ್ಚಿದರು, ಬಚ್ಚಲಲ್ಲಿ ಯಾವ ಕಟ್ಟಿಗೆ ಉರಿಯುತ್ತಿತ್ತು ಎಂಬುದು ಬರುವುದಿಲ್ಲ. ಬೆಳಿಗ್ಗೆ ಎದ್ದು ವಾಕಿಂಗ್‌ಗೆ ಹೋಗಬೇಕಾದರೆ ಆ ರಸ್ತೆ, ಆ ತಂಪು ಒಂದು ಕ್ಷಣವಾದರೂ ಒಳಗೆ ಕಾಣಬೇಕು. ಕಾಣದ ದಾರಿಗೆ ಕಾಲು ಏಳುವುದಿಲ್ಲ. ಇದನ್ನು ಸೋಮಾರಿತನ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಂಪು ಹಳದಿ ಬಣ್ಣ ಹಚ್ಚಿದ ಮಿದುಳಿನ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವಲ್ಲ, ಅವು ಬಹುತೇಕ ಅನೇಕರ ಸರಾಸರಿ. ನಿಮ್ಮದೋ ನನ್ನದೋ ಮಿದುಳನ್ನು ಸ್ಕ್ಯಾನ್ ಮಾಡಿ ‘ಖಿನ್ನತೆ ಇದೆ’ ಎಂದು ಹೇಳುವ ವಿದ್ಯೆ ಇಂದು ವೈದ್ಯರ ಬಳಿ ಇಲ್ಲ. ಅಮಿಗ್ಡಲಾ ಭಯಕ್ಕೆಂದೇ ಮೀಸಲಾದ ಅಂಗವೂ ಅಲ್ಲ. ಸಂತೋಷದ, ಹೊಸದರ, ಮುಖ್ಯವಾದದ್ದರ ಸುದ್ದಿಗೂ ಅದು ಎಚ್ಚರಗೊಳ್ಳುತ್ತದೆ. ಸ್ಕ್ಯಾನ್ ಮಾಡಿಸಿ ಕಾಯಿಲೆ ಹೇಳುತ್ತೇವೆ ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ಹಾಗಾದರೆ ಚಿತ್ರವನ್ನು ಏನು ಮಾಡುವುದು? ‘ಅದನ್ನು ನೆನೆಯಬೇಡ’ ಎನ್ನುವುದು ಫಲ ಕೊಡದು ಎಂದು ನಮ್ಮ ಹಿರಿಯರಿಗೂ ಗೊತ್ತಿತ್ತು. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ಪಂಡಿತನ ಕಥೆ ಯಾರಿಗೆ ಗೊತ್ತಿಲ್ಲ? 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಇದನ್ನೇ ಬಿಳಿ ಕರಡಿಯಿಂದ ಪರೀಕ್ಷಿಸಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ನೆನೆಯಬಹುದು ಎಂದಾಗ, ಮೊದಲು ತಡೆದವರಿಗೆ ಕರಡಿ ಇನ್ನೂ ಹೆಚ್ಚಾಗಿ ಬಂತು.

ಒಂದು ದಾರಿ, ಚಿತ್ರಕ್ಕೆ ಬೇಕಾದ ಜಾಗವನ್ನು ಬೇರೆ ಚಿತ್ರದ ಕೆಲಸಕ್ಕೆ ಕೊಡುವುದು. ಹೋಮ್ಸ್ ಮತ್ತು ಸಂಗಡಿಗರು 2009ರಲ್ಲಿ ಕೆಲವರಿಗೆ ಘೋರ ದೃಶ್ಯಗಳ ಚಲನಚಿತ್ರ ತೋರಿಸಿ, ಅರ್ಧ ಗಂಟೆಯ ನಂತರ ಅರ್ಧ ಜನರಿಗೆ ಟೆಟ್ರಿಸ್ ಎಂಬ ಇಟ್ಟಿಗೆ ಜೋಡಿಸುವ ಆಟ ಆಡಿಸಿದರು. ಮುಂದಿನ ಒಂದು ವಾರ ಅವರಿಗೆ ಆ ದೃಶ್ಯಗಳು ಕಡಿಮೆ ಮರುಕಳಿಸಿದವು. ಪ್ರಶ್ನೋತ್ತರದಂಥ ಮಾತಿನ ಆಟಕ್ಕೆ ಈ ಗುಣ ಕಾಣಲಿಲ್ಲ. ಅಕ್ಕ ಇದನ್ನು ಕೇಳಿ, ತನಗೆ ಹದಿನೈದು ಚುಕ್ಕಿಯ ರಂಗೋಲಿಯನ್ನು ಎಳೆ ತಪ್ಪದೆ ಸೇರಿಸುವಾಗ ಹೆಲ್ಮೆಟ್ ಕಾಣುವುದಿಲ್ಲ, ಟಿ.ವಿ. ನೋಡುವಾಗ ಕಾಣುತ್ತದೆ ಎಂದಳು.

ಆದರೆ ಆಳವಾಗಿ ಬೇರುಬಿಟ್ಟ ಚಿತ್ರಕ್ಕೆ ಬೇರೆ ದಾರಿ ಬೇಕು, ಅದರ ಒಳಗೇ ಹೋಗುವ ದಾರಿ. ಮರಿಯಾನ್ ರೆಡನ್, ಟಾರ್ ವೇಜರ್ ಮತ್ತು ಡಾನಿಯೆಲಾ ಶಿಲರ್ 2018ರಲ್ಲಿ 68 ಜನರಿಗೆ ಒಂದು ಸದ್ದಿನ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಆ ಸದ್ದೆಂದರೆ ಭಯವಾಗುವಂತೆ ಕಲಿಸಿದರು. ಬಳಿಕ ಕೆಲವರಿಗೆ ಆಘಾತವಿಲ್ಲದೆ ಆ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರು, ಕೆಲವರಿಗೆ ಅದನ್ನು ತಲೆಯೊಳಗೇ ಕಲ್ಪಿಸಿಕೊಳ್ಳಲು ಹೇಳಿದರು, ಉಳಿದವರಿಗೆ ಹಕ್ಕಿ ಮತ್ತು ಮಳೆಯ ಸದ್ದನ್ನು ಕಲ್ಪಿಸಿಕೊಳ್ಳಲು ಹೇಳಿದರು. ನಿಜವಾಗಿ ಕೇಳಿದವರಲ್ಲಿಯೂ ಕಲ್ಪಿಸಿಕೊಂಡವರಲ್ಲಿಯೂ ಮಿದುಳಿನ ಭಯದ ಪ್ರತಿಕ್ರಿಯೆ ಇಳಿಯಿತು. ಹಕ್ಕಿ ಮಳೆಯವರಲ್ಲಿ ಹಾಗೆ ಇಳಿಯಲಿಲ್ಲ. ನನಗೆ ಈ ಕೊನೆಯ ಮಾತು ಮುಖ್ಯ. ಭಯದ ಮೇಲೆ ಸುಂದರ ದೃಶ್ಯವನ್ನು ಹೊದಿಸಿದರೆ ಸಾಲದು. ಸುರಕ್ಷಿತ ಜಾಗದಲ್ಲಿ ಕುಳಿತು ಭಯವನ್ನೇ ಮತ್ತೆ ಎದುರಿಗೆ ತರಬೇಕು.

ಚಿಕಿತ್ಸಕರು ಮಾಡುವುದೂ ಇದನ್ನೇ, ಇನ್ನಷ್ಟು ಜತನದಿಂದ. ಚಿತ್ರವನ್ನು ಕರೆಸಿ, ಅದು ನಿಂತ ಜಾಗದಿಂದ ಮುಂದಕ್ಕೆ ನಡೆಸುತ್ತಾರೆ. ನನ್ನ ಚಿತ್ರ ಯಾವಾಗಲೂ ಕವರಿನ ಗಂಟಿನಲ್ಲಿ ನಿಲ್ಲುತ್ತಿತ್ತು. ‘ಗಂಟು ಬಿಚ್ಚಿ’ ಎಂದರು ವೈದ್ಯರು. ಕಣ್ಣು ಮುಚ್ಚಿಕೊಂಡು ಬಿಚ್ಚಲು ನನಗೆ ಮೂರು ವಾರ ಹಿಡಿಯಿತು. ಒಳಗಿದ್ದ ಎಡಗಾಲಿನ ಚಪ್ಪಲಿಯ ಉಂಗುಷ್ಟವನ್ನು ಅಪ್ಪ ಕಪ್ಪು ದಾರದಲ್ಲಿ ಹೊಲಿಸಿಕೊಂಡಿದ್ದರು. ಹೊಲಿಸಿದ್ದು ಸಂತೆಯ ದಿನ, ನಾನು ಜೊತೆಗಿದ್ದೆ, ಆಮೇಲೆ ಇಬ್ಬರೂ ಮಂಡಕ್ಕಿ ತಿಂದಿದ್ದೆವು. ಆ ದಿನ ನನಗೆ ಮರಳಿ ಸಿಕ್ಕಿದ್ದು ಹಾಗೆ. ಗಂಟು ಈಗಲೂ ಬರುತ್ತದೆ, ಆದರೆ ಅಲ್ಲಿಯೇ ನಿಲ್ಲುವುದಿಲ್ಲ. ಆಘಾತದ ತೀವ್ರ ನೆನಪುಗಳಿಗೆ ಇದನ್ನು ಒಬ್ಬರೇ ಮನೆಯಲ್ಲಿ ಮಾಡಲು ಹೋಗಬಾರದು, ತರಬೇತಿ ಪಡೆದವರ ಜೊತೆಗೇ ಮಾಡಬೇಕು.

ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತೆಂದು ಕಂಡುಕೊಂಡಿತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಖಿನ್ನತೆ ತೀವ್ರವಾದಾಗ ಕೆಲವರಿಗೆ ತಮ್ಮ ಸಾವಿನ ಚಿತ್ರಗಳೇ ಕಾಣತೊಡಗುತ್ತವೆ. ಅವು ಹುಚ್ಚಿನ ಗುರುತೆಂದು ಹೆದರಿ ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಅಂಥ ಚಿತ್ರ ಬಂದ ದಿನವೇ ಹತ್ತಿರದವರೊಬ್ಬರಿಗೆ ಹೇಳಿ, ಆ ಸಂಖ್ಯೆಗೆ ಕರೆ ಮಾಡಿ.

ವೈದ್ಯರ ಬಳಿ ಹೋದಾಗ ‘ತುಂಬಾ ಯೋಚನೆ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಚಿತ್ರವನ್ನು ಹೇಳಿ. ಅದು ಎಲ್ಲಿ ಶುರುವಾಗುತ್ತದೆ, ಚಲಿಸುತ್ತದೆಯೋ ನಿಂತಿರುತ್ತದೆಯೋ, ಅದರಲ್ಲಿ ನೀವೆಲ್ಲಿ ನಿಂತಿದ್ದೀರಿ, ಸದ್ದಿದೆಯೇ, ಯಾವ ಜಾಗಕ್ಕೆ ಬಂದು ಕಡಿದುಹೋಗುತ್ತದೆ. ಹೋದ ತಿಂಗಳು ಅಕ್ಕ ಕೊನೆಗೂ ಒಬ್ಬ ಮನೋವೈದ್ಯರನ್ನು ನೋಡಿದಳು, ನಾನು ಪಕ್ಕದಲ್ಲಿ ಕುಳಿತಿದ್ದೆ. ಅವರು ಇದನ್ನೆಲ್ಲ ಒಂದೊಂದಾಗಿ ಕೇಳಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: ರಸ್ತೆ ಒದ್ದೆಯಾಗಿದೆ, ಕತ್ತಲಾಗಿದೆ, ಯಾರೂ ಇಲ್ಲ, ಹೆಲ್ಮೆಟ್ ಮಗುಚಿ ಬಿದ್ದಿದೆ. ‘ಯಾವ ಬಣ್ಣ?’ ಎಂದರು ಅವರು.

‘ನೀಲಿ’ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ‘ಅವನದು ಕಪ್ಪು ಹೆಲ್ಮೆಟ್ ಅಲ್ಲವೇನೋ?’